ಹಲವು ದೇಶಗಳ ಉಪಗ್ರಹಗಳು ಮತ್ತು ನನ್ನ ಹೆಂಡತಿ

ಫೋನು ಬಂದದ್ದು ನನಗೆ, ಆಹ್ವಾನ ಬಂದದ್ದು ನನ್ನ ಹೆಂಡತಿಗೆ. "ನಿಮ್ಮ ಮೇಡಂ ಹೆಸರು ಕಳಿಸಿಬಿಟ್ಟಿದೀವಿ, ಅವರಿಗೊಂದು ಮಾತು ತಿಳಿಸಿಬಿಡಿ" ಎಂದರು ನಮ್ಮ ಮೇಲಧಿಕಾರಿ. ನಾನು "ಸಂತೋಷ ಸಾರ್" ಎಂದೆ. ಆಮೇಲೆ ಅವರು, ನೆನಪಾಯಿತೆನ್ನುವಂತೆ, "ನೀವೂ ಇರಿ, ಲ್ಯಾಪ್‌ಟಾಪು ಪ್ರೊಜೆಕ್ಟರು ನೋಡಿಕೊಳ್ಳೋಕೆ" ಎಂದು ಸೇರಿಸಿದರು. ಅದಕ್ಕೂ ಸಂತೋಷ ಎಂದೆನೋ ಏನೋ, ಈಗ ನೆನಪಿಲ್ಲ. ಕಿವಿ ಬಿಸಿಯಾದದ್ದು ಮಾತ್ರ ನೆನಪಿದೆ.

ಚಾಮರಾಜನಗರದ ಒಂದು ಕಚೇರಿಯಲ್ಲಿ ಉಪಗ್ರಹಗಳು ತೆಗೆದ ಚಿತ್ರಗಳನ್ನು ಓದುವುದು ನನ್ನ ಕೆಲಸ. ಯಾವ ಹೊಲದಲ್ಲಿ ಅರಿಶಿನ ಇದೆ, ಎಲ್ಲಿ ಬಾಳೆ ಇದೆ, ಕಾಡಿನ ಯಾವ ಅಂಚು ಬೇಸಿಗೆಯಲ್ಲಿ ಸುಟ್ಟಿದೆ ಎಂದು ಬಣ್ಣ ನೋಡಿ ಗುರುತಿಸಬೇಕು. ನಾನು ಚಂದಕವಾಡಿಯ ಒಕ್ಕಲು ಮನೆಯವನು, ಆದರೆ ಹೊಲವನ್ನು ಮೇಲಿನಿಂದ ನೋಡಿದಷ್ಟು ಪಕ್ಕದಲ್ಲಿ ನಿಂತು ನೋಡಿದವನಲ್ಲ. ಹೆಂಡತಿ ಗುಂಡ್ಲುಪೇಟೆಯವಳು. ಅವಳ ಅಪ್ಪ ಕೇರಳಕ್ಕೆ ತರಕಾರಿ ಲಾರಿ ಕಳಿಸುವ ವ್ಯಾಪಾರಿ. ಅವಳು ಅಲ್ಲೇ ಒಂದು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಾಳೆ, ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ.

ಚಿತ್ರದಲ್ಲಿ ಕಾಣುವುದು ನೆಲದ ಮೇಲೂ ಹಾಗೇ ಇದೆಯೇ ಎಂದು ಯಾರಾದರೂ ಹೋಗಿ ಪರೀಕ್ಷಿಸಬೇಕು. ಗುಂಡ್ಲುಪೇಟೆ ಕಡೆಯ ಹೊಲಗಳಿಗೆ ಹೋಗಲು ನಮ್ಮ ಕಚೇರಿಯಲ್ಲಿ ಯಾರಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. "ಹೇಗೂ ಆ ದಾರೀಲೇ ಹೋಗ್ತೀಯಲ್ಲ, ಒಂಚೂರು ನೋಡ್ಕೊಂಡು ಬಾ" ಎಂದು ಅವಳಿಗೆ ಹೇಳಿದವನು ನಾನೇ. ಅವಳು ನೋಡಿಕೊಂಡು ಬರತೊಡಗಿದಳು. ಬರಬರುತ್ತ ತನ್ನ ವಿದ್ಯಾರ್ಥಿಗಳನ್ನೂ ಕರೆದುಕೊಂಡು ಹೋದಳು. ನಾನು ಹಳದಿ ಎಂದು ಬಿಟ್ಟುಬಿಟ್ಟಿದ್ದ ಕಡೆ ಅವಳು ಇದು ಚೆಂಡುಹೂವು, ಇದು ಸೂರ್ಯಕಾಂತಿ, ಇದು ಬರೀ ಒಣಗಿದ ಹುಲ್ಲು ಎಂದು ಬಿಡಿಸಿ ಹೇಳಿದಳು. ನನ್ನ ನಕ್ಷೆಗಳು ಚೆನ್ನಾಗಿವೆ ಎಂಬ ಹೆಸರು ಬಂತು. ಆ ಹೆಸರು ಎಲ್ಲಿಂದ ಬಂತೆಂದು ಮೇಲಿನವರಿಗೆ ಯಾವಾಗ ತಿಳಿಯಿತೋ ನನಗೆ ಗೊತ್ತಾಗಲಿಲ್ಲ.

ಆಹ್ವಾನದ ವಿಷಯ ಇಷ್ಟು. ಬೇರೆ ಬೇರೆ ದೇಶಗಳ ಉಪಗ್ರಹಗಳು ಒಂದೇ ನೆಲದ ಮೇಲೆ ಬೇರೆ ಬೇರೆ ದಿನ ಹಾದುಹೋಗುತ್ತವೆ. ಒಬ್ಬರ ಚಿತ್ರ ಇನ್ನೊಬ್ಬರಿಗೆ ಸಿಕ್ಕಿದರೆ ನಡುವಿನ ದಿನಗಳು ಖಾಲಿ ಉಳಿಯುವುದಿಲ್ಲ. ಅದನ್ನು ಹೇಗೆ ಹಂಚಿಕೊಳ್ಳಬೇಕು, ಎಷ್ಟು ಬೇಗ ಕೊಡಬೇಕು, ಯಾರಿಗೆ ಕೊಡಬೇಕು ಎಂದು ಹೊರದೇಶದಲ್ಲಿ ದೊಡ್ಡ ಸಭೆ ನಡೆಯುವುದಿತ್ತು. ಅದಕ್ಕೆ ಮುಂಚೆ ಸಿದ್ಧತೆಗೆಂದು ಒಂದು ಚಿಕ್ಕ ಸಭೆ ಗುಂಡ್ಲುಪೇಟೆಯಲ್ಲಿ. ಮೂರು ರಾಜ್ಯದ ಕಾಡು ಸೇರುವ ಜಾಗ, ಮಳೆಗಾಲವಿಡೀ ಮೋಡ. ಹಂಚಿಕೊಳ್ಳದಿದ್ದರೆ ಏನು ಕಷ್ಟ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಊರಿಲ್ಲ ಎಂದು ಯಾರಿಗೋ ಹೊಳೆದಿತ್ತು. ಇಂಥ ಸಭೆಯೊಂದರಲ್ಲಿ ಕೂರಬೇಕೆಂದು ನಾನು ಕೆಲಸಕ್ಕೆ ಸೇರಿದಾಗಿನಿಂದ ಆಸೆಪಟ್ಟಿದ್ದೆ. ಅವಳಿಗೆ ಅಂಥದ್ದೊಂದು ಸಭೆ ಇರುತ್ತದೆಂದೇ ಗೊತ್ತಿರಲಿಲ್ಲ.

"ನಾನಾ?" ಎಂದಳು ಅವಳು, ಕೈಯಲ್ಲಿ ಸೌಟು ಹಿಡಿದುಕೊಂಡೇ. "ಇಂಗ್ಲಿಷಿನಲ್ಲಿ ಮಾತಾಡ್ಬೇಕಾ? ನೀವಿರ್ತೀರಲ್ಲ?"

"ಇರ್ತೀನಿ. ಲ್ಯಾಪ್‌ಟಾಪ್ ಹತ್ರ."

ಊರಿನಿಂದ ಬಂದಿದ್ದ ನನ್ನ ಅವ್ವ ಅಲ್ಲೇ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. "ಅಂಗಾರೆ ಅವ್ಳು ಮಾತಾಡ್ತಾಳೆ, ನೀನು ಪರ್ದೆ ಮ್ಯಾಲೆ ಚಿತ್ರ ಬುಡ್ತೀಯ? ಟೆಂಟ್ ಸಿನ್ಮಾದಲ್ಲಿ ಒಬ್ಬ ಇರ್ತಿದ್ನಲ್ಲ, ಅಂಗೆ?" ಎಂದು ಕೇಳಿದಳು. ಅವಳ ಮನಸ್ಸಿನಲ್ಲಿ ಕೊಂಕಿರಲಿಲ್ಲ. ಅರ್ಥ ಮಾಡಿಕೊಳ್ಳಲು ಕೇಳಿದ್ದಳು, ಅಷ್ಟೆ. ನಾನು ಊಟ ಬಿಟ್ಟು ಎದ್ದೆ.

ತಯಾರಿ ಶುರುವಾಯಿತು. ಮೋಡದೊಳಗಿಂದ ರೇಡಾರ್ ಉಪಗ್ರಹಕ್ಕೆ ನೆಲ ಹೇಗೆ ಕಾಣುತ್ತದೆ ಎಂದು ಹೆಂಡತಿ ಕೇಳಿದಳು. ನಾನು ಅಲೆ, ಆವರ್ತನ, ಪ್ರತಿಫಲನ ಎಂದು ಬಹಳ ಹೊತ್ತು ವಿವರಿಸಿದೆ. ನಡುನಡುವೆ ಅವಳಿಗೆ ತಿಳಿಯದ ಪದಗಳನ್ನು ಬೇಕೆಂದೇ ಸೇರಿಸಿದೆ. ಎಲ್ಲ ಕೇಳಿಸಿಕೊಂಡು ಅವಳು, "ಅಂದ್ರೆ ಕರೆಂಟ್ ಹೋದಾಗ ಗೋಡೆ ತಡವಿಕೊಂಡು ಬಾಗಿಲು ಹುಡುಕ್ತೀವಲ್ಲ, ಹಾಗೆ. ನೋಡೋದಲ್ಲ, ಮುಟ್ಟೋದು" ಎಂದಳು. ಇಷ್ಟು ವರ್ಷ ಆ ಚಿತ್ರಗಳ ಜೊತೆ ಕಳೆದವನಿಗೆ ಆ ಮಾತು ಬಂದಿರಲಿಲ್ಲ. "ಹಾಗಂತ ಹೇಳೋಕಾಗಲ್ಲ, ಅದು ಅಷ್ಟು ಸರಳ ಅಲ್ಲ" ಎಂದೆ. ಮರುದಿನ ಕಚೇರಿಯಲ್ಲಿ ಯಾರೋ ಕೇಳಿದಾಗ ಅದನ್ನೇ ಹೇಳಿದೆ.

ಸಭೆ ಊಟಿ ರಸ್ತೆಯ ಒಂದು ಸಭಾಂಗಣದಲ್ಲಿ ನಡೆಯಿತು. ಕೆಲವು ದೇಶಗಳವರು ಬಂದಿದ್ದರು, ತಮಿಳುನಾಡು ಮತ್ತು ಕೇರಳದ ಅಧಿಕಾರಿಗಳೂ ಇದ್ದರು. ಬೆಳಗಿನ ಹೊತ್ತೆಲ್ಲ ವಾದ. ಸ್ಥೂಲವಾದ ಚಿತ್ರ ಉಚಿತವಾಗಿ ಕೊಡುತ್ತೇವೆ, ಸೂಕ್ಷ್ಮವಾದದ್ದನ್ನು ತಡವಾಗಿ ಕೊಡುತ್ತೇವೆ ಎಂದರು ಒಬ್ಬರು. ಅವರು ಕೊಟ್ಟರೆ ನಾವೂ ಕೊಡುತ್ತೇವೆ ಎಂದರು ಇನ್ನೊಬ್ಬರು. ನಯವಾದ ಇಂಗ್ಲಿಷಿನಲ್ಲಿ ನಡೆದರೂ ಅದು ನಮ್ಮೂರಲ್ಲಿ ಕೆರೆ ತೂಬಿನ ನೀರು ಮೊದಲು ಯಾರ ಗದ್ದೆಗೆ ಎಂದು ನಡೆಯುವ ಮಾತಿನಂತೆಯೇ ಇತ್ತು. ನನಗೆ ಹೇಳಲು ಬಹಳ ಇತ್ತು. ಹೇಳು ಎಂದವರು ಯಾರೂ ಇರಲಿಲ್ಲ.

ಅವಳ ಸರದಿ ಬಂತು. ಸನ್ನೆ ಮಾಡಿದಂತೆ ನಾನು ಚಿತ್ರಗಳನ್ನು ಬಿಟ್ಟೆ. ಮೊದಲನೆಯದರಲ್ಲಿ ಮಳೆಗಾಲದ ಗುಂಡ್ಲುಪೇಟೆ, ಇಡೀ ತಾಲ್ಲೂಕು ಹತ್ತಿ ಹಾಸಿದಂತೆ ಬಿಳಿ. ಆಮೇಲಿನದು ಬೇರೆ ದೇಶದ ರೇಡಾರ್ ಚಿತ್ರ, ಅದೇ ವಾರದ್ದು. ಮೋಡದ ಅಡಿಯಿಂದ ಹೊಲಗಳ ಗಡಿ ಒಂದೊಂದಾಗಿ ಎದ್ದು ಬಂದಿತ್ತು. ಎರಡನ್ನೂ ಸೇರಿಸಿ ಮಾಡಿದ ನಕ್ಷೆಗೆ ನಾನು ವಾರಗಟ್ಟಲೆ ಕಣ್ಣು ಕಳೆದುಕೊಂಡಿದ್ದೆ. "ಇದನ್ನು ಮಾಡಿದ್ದು ಅಲ್ಲಿ ಕುಳಿತಿರುವ ನನ್ನ ಗಂಡ" ಎಂದಳು ಅವಳು. ಎಲ್ಲರೂ ತಿರುಗಿ ಚಪ್ಪಾಳೆ ತಟ್ಟಿದರು. ನನಗೆ ಸಿಕ್ಕ ಚಪ್ಪಾಳೆಯೂ ಅವಳ ಕೈಯಿಂದ ದಾಟಿ ಬಂದಿತ್ತು. ಅದನ್ನು ನುಂಗುವುದು ಇನ್ನೂ ಕಷ್ಟವಾಯಿತು.

ಆಮೇಲೆ ಅವಳು ನಾವು ಅಭ್ಯಾಸ ಮಾಡಿಕೊಂಡಿರದ ಮಾತಿಗೆ ಇಳಿದಳು. ತನ್ನ ಅಪ್ಪನ ವ್ಯಾಪಾರದ ವಿಷಯ. ಸುತ್ತಿನ ಹಳ್ಳಿಗಳಲ್ಲಿ ಎಷ್ಟು ಟೊಮೇಟೊ ಇಳಿಯುತ್ತದೆ ಎಂದು ಅವರು ರೈತರಿಗಿಂತ ಮುಂಚೆ ತಿಳಿದುಕೊಳ್ಳುತ್ತಿದ್ದರಂತೆ. ಪ್ರತಿ ಹಳ್ಳಿಯಲ್ಲೂ ಅವರಿಗೊಬ್ಬ ಹೇಳುವವನಿದ್ದ. ಬೆಲೆ ಅಲ್ಲಿಂದಲೇ ಹುಟ್ಟುತ್ತಿತ್ತು. "ನಾನು ಓದಿದ್ದು ಆ ಲಾಭದಲ್ಲೇ, ಅದನ್ನು ಮುಚ್ಚಿಡುವುದಿಲ್ಲ" ಎಂದಳು. "ಈಗ ನೀವೆಲ್ಲ ಸೇರಿ ಆಕಾಶದಿಂದ ನೋಡುತ್ತೀರಿ. ದೇಶ ದೇಶಗಳು ಹಂಚಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಹೂವಿನ ಹೊಲದ ಸುದ್ದಿ ಕೊಳ್ಳುವವನಿಗೆ ತಲುಪಿದ ದಿನವೇ ಬೆಳೆದವನಿಗೂ ತಲುಪಬೇಕು. ಅದು ನಿಮ್ಮ ಒಪ್ಪಂದದಲ್ಲಿ ಎಲ್ಲಿದೆ?"

ಯಾರೋ ಬರೆದುಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾನು ಮೌಸಿನ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದೆ. ಆ ಮನೆಯ ಅಳಿಯ ನಾನು, ಆ ಟೊಮೇಟೊ ಲೆಕ್ಕಾಚಾರವನ್ನು ಜಗಲಿಯಲ್ಲಿ ಕುಳಿತು ಎಷ್ಟೋ ಸಲ ಕೇಳಿದ್ದೆ. ಉಪಗ್ರಹದ ಚಿತ್ರವೂ ನನ್ನ ಕಣ್ಣೆದುರೇ ಇತ್ತು. ಎರಡನ್ನೂ ಜೋಡಿಸಲು ಮಾತ್ರ ನನಗೆ ಆಗಿರಲಿಲ್ಲ.

ಮಧ್ಯಾಹ್ನ ಎಲ್ಲರನ್ನೂ ಚೆಂಡುಹೂವಿನ ಹೊಲಕ್ಕೆ ಕರೆದುಕೊಂಡು ಹೋದರು. ಕೇರಳದ ನೋಂದಣಿಯ ಕಾರುಗಳು ರಸ್ತೆ ಬದಿಯಲ್ಲಿ ನಿಂತಿದ್ದವು, ಜನ ಹೂವಿನ ನಡುವೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೊಲದ ಒಡತಿ ನನ್ನ ಹೆಂಡತಿಯನ್ನು ದೂರದಿಂದಲೇ ಗುರುತು ಹಿಡಿದು, "ಬಾರವ್ವ, ಏನ್ ಇಷ್ಟೊಂದ್ ಜನ ಕಟ್ಕಂಡ್ ಬಂದುಟ್ಟಿದ್ದೀಯೆ!" ಎಂದು ಕೈ ಹಿಡಿದುಕೊಂಡಳು. ತುಂತುರು ಮಳೆ ಶುರುವಾಯಿತು. ಹೊರದೇಶದ ಎತ್ತರದ ವಿಜ್ಞಾನಿಯೊಬ್ಬ ಅವಳ ಮೇಲೆ ಕೊಡೆ ಹಿಡಿದ. ಅವಳು ಏನೋ ಹೇಳಿದಳು, ಅವನು ತಲೆ ಹಿಂದಕ್ಕೆ ಹಾಕಿ ನಕ್ಕ. ನನ್ನ ಹೆಂಡತಿ ಇಷ್ಟು ನಗಿಸುತ್ತಾಳೆಂದು ನನಗೆ ತಿಳಿದಿರಲಿಲ್ಲ, ಅಥವಾ ಮರೆತಿದ್ದೆ. ನಾನು ನೆನೆಯುತ್ತ ವ್ಯಾನಿನ ಪಕ್ಕ ನಿಂತಿದ್ದೆ.

ಒಡತಿ ನನ್ನ ಹತ್ತಿರ ಬಂದು, "ನೀವು ಪೋಟೋ ತಗ್ಯೋರಾ?" ಎಂದು ಕೇಳಿದಳು.

"ಅಲ್ಲ. ನಾನು ಅವಳ ಗಂಡ."

"ಓ, ಮೇಡಮ್ಮೋರ್ ಯಜಮಾನ್ರಾ! ನೀವು ಈ ಕಡೀಕೆ ಬಂದೇ ಇಲ್ವಲ್ಲ ಯಾವತ್ತೂವೆ." ಸೆರಗನ್ನು ತಲೆಗೆ ಹಾಕಿಕೊಂಡು ಮತ್ತೆ ಅತ್ತ ಹೋದಳು.

ಸಂಜೆ ಚಾಮರಾಜನಗರದ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತೆವು. ಮಾವನವರ ಫೋನು ಬಂತು. ಸುದ್ದಿ ಮಾರ್ಕೆಟ್ಟಿಗೆ ಮುಟ್ಟಿತ್ತು. "ನನ್ನ ಮಾನ ದೇಶದೇಶುಕ್ಕೆ ಹರಾಜ್ ಹಾಕ್ಬುಟ್ಲು ಕಣಳಿಯ ನನ್ ಮಗ್ಳು" ಎಂದು ಬೈಯುತ್ತಿದ್ದರು, ದನಿಯಲ್ಲಿ ಮಾತ್ರ ಹೆಮ್ಮೆ ತುಂಬಿ ತುಳುಕುತ್ತಿತ್ತು. ಫೋನಿಟ್ಟ ಮೇಲೆ ನಾನು ಕಿಟಕಿ ನೋಡುತ್ತ ಕುಳಿತೆ.

"ಏನಾಯ್ತು?" ಎಂದಳು.

"ಏನಿಲ್ಲ. ನಿನ್ನನ್ನು ಹೊಲಕ್ಕೆ ಕಳಿಸಿದ್ದು ನಾನು. ಅದೊಂದನ್ನು ಹೇಳಲಿಲ್ಲ ನೀನು."

"ಕಳಿಸಿದ್ರಿ. ಜೊತೆಗೆ ಬಂದ್ರಾ?"

ಸ್ವಲ್ಪ ದೂರ ಹೋದ ಮೇಲೆ ಅವಳೇ, "ಹೊಟ್ಟೆ ಉರೀತಿದೆ ಅಂತ ನೇರವಾಗಿ ಹೇಳಬಾರದಾ?" ಎಂದಳು.

"ಉರೀತಿದೆ" ಎಂದೆ.

"ನಂಗೂ ಎಷ್ಟು ವರ್ಷ ಉರೀತು ಗೊತ್ತಾ? ನಾನು ಹರಿದುಹೋದ ಗೋಡೆ ನಕ್ಷೆ ಹಿಡ್ಕೊಂಡು ಪಾಠ ಮಾಡ್ತಿದ್ದೆ, ನಿಮ್ಮ ಮುಂದೆ ದಿನಾ ಹೊಸ ಭೂಮಿ ಬಂದು ಕೂರ್ತಿತ್ತು. ಒಂದು ದಿನ ಬಾ ನೋಡು ಅಂತ ಕರೆದಿದ್ರಾ?"

ಆ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳು ತನ್ನ ಉರಿಯನ್ನು ಇಷ್ಟು ವರ್ಷ ತೋರಗೊಡದೆ ಇಟ್ಟುಕೊಂಡಿದ್ದಳು, ನನಗೆ ಒಂದು ತಿಂಗಳೂ ಅದು ಸಾಧ್ಯವಾಗಿರಲಿಲ್ಲ. ಅದರಲ್ಲೂ ಅವಳೇ ಮೇಲಾಗಿದ್ದಳು.

ಅವಳ ಮಾತು ಒಪ್ಪಂದದ ಕರಡಿನಲ್ಲಿ ಒಂದು ಸಾಲಾಯಿತು, ದೊಡ್ಡ ಸಭೆಗೂ ಅವಳನ್ನೇ ಕರೆದರು. ಬೆಂಗಳೂರಿಗೆ ಹೋಗಿ ವಿಮಾನ ಹತ್ತಿಸಿ ಬಂದೆ. ಅವಳು ಮಾಡುತ್ತಿದ್ದ ಹೊಲಗಳ ಪರೀಕ್ಷೆ ಆ ವಾರ ನನ್ನ ಪಾಲಿಗೆ ಬಂತು. ಹೋದ ಕಡೆಯೆಲ್ಲ "ಮೇಡಮ್ಮೋರು ಬರ್ನಿಲ್ವಾ?" ಎಂಬ ಪ್ರಶ್ನೆ. "ಸಭೆಗೆ ಹೋಗಿದ್ದಾರೆ" ಎಂದು ಹೇಳಿ ಹೇಳಿ ನಾಲಗೆ ಒಣಗಿತು. ಚಿತ್ರದಲ್ಲಿ ಅರಿಶಿನವೆಂದು ನಾನು ಗುರುತು ಹಾಕಿದ್ದ ಒಂದು ತುಂಡು, ನೆಲದ ಮೇಲೆ ನಿಂತು ನೋಡಿದರೆ, ಎಳೆ ಬಾಳೆಯಾಗಿತ್ತು.

ಒಂದು ಬೆಳಿಗ್ಗೆ ಅಲ್ಲಿಂದ ಫೋನು ಮಾಡಿದಳು. ದನಿ ಒಡೆದಿತ್ತು. ಬೆಳೆದವರಿಗೂ ಅದೇ ದಿನ ತಿಳಿಸಬೇಕು ಎಂಬ ಸಾಲನ್ನು ಕರಡಿನಿಂದ ತೆಗೆಯುವ ಮಾತು ನಡೆದಿತ್ತಂತೆ. ಸುದ್ದಿ ತಡವಾದರೆ ರೈತರಿಗೆ ನಷ್ಟವಾಗುತ್ತದೆ ಎನ್ನಲು ಉದಾಹರಣೆ ಏನಿದೆ ಎಂದು ಕೇಳಿದ್ದರು. "ಅಪ್ಪನ ಕಥೆ ಹಳೇದು ಅಂತಾರೆ" ಎಂದಳು. ಅವಳು ಸೋತರೆ ನನಗೆ ಸಂತೋಷವಾಗಬಹುದೆಂದು ಒಳಗೊಳಗೇ ಅಂದುಕೊಂಡಿದ್ದೆ. ಆಗಲಿಲ್ಲ. ಅಷ್ಟು ದೊಡ್ಡ ಜಾಗದಲ್ಲಿ ಹೋಗಿ ಸೋಲುವುದಕ್ಕೂ ಅವಳಿಗೇ ಅವಕಾಶ ಸಿಕ್ಕಿತಲ್ಲ ಎನ್ನಿಸಿತು. ಆದರೂ ಬೈಕು ತೆಗೆದುಕೊಂಡು ಆ ಹೂವಿನ ಹೊಲಕ್ಕೆ ಹೋದೆ.

ಒಡತಿ ಹೂ ಬಿಡಿಸುತ್ತಿದ್ದಳು. ದನಿ ದಾಖಲಿಸಲು ಫೋನು ಮುಂದೆ ಹಿಡಿದು, ಈ ಸಲ ಹೂವಿನ ರೇಟು ಏನಾಯಿತೆಂದು ಕೇಳಿದೆ. ಅವಳು ಕೈ ನಿಲ್ಲಿಸಲಿಲ್ಲ. "ಈ ಸಲ ಎಲ್ಲಾ ಕಡೆಯೂ ಹೂ ಜಾಸ್ತಿ ಅದ ಅಂತ ಕೊಳ್ಳೋರ್‌ಗೆ ಮೊದ್ಲೇ ಗೊತ್ತಾಗ್ಬುಟ್ಟಿತ್ತು. ನಮ್ಗೆ ಗೊತ್ತಾದದ್ದು ಕುಯ್ದ್ ಮೂಟೆ ಕಟ್ಟಿ ಗಾಡಿಗ್ ಏರ್ಸುದ್ ಮ್ಯಾಲೆ. ಅಷ್ಟೊತ್ಗೆ ರೇಟ್ ಇಳ್ಸಿದ್ರು. ಮೊದ್ಲೇ ಗೊತ್ತಿದ್ರೆ ರೇಟ್ ಮಾತಾಡ್ಕಂಡೇ ಹೂ ಕುಯ್ತಿದ್ದಿ ಕಣಪ್ಪ" ಎಂದಳು. ಅದೇ ಪ್ರದೇಶದ ಚಿತ್ರ ನಮಗೆ ಯಾವಾಗ ತಲುಪಿತ್ತು, ಹಣ ಕೊಟ್ಟು ಕೊಳ್ಳುವವರಿಗೆ ಯಾವಾಗ ಸಿಕ್ಕಿರಬೇಕು ಎಂಬುದನ್ನು ಆ ಮಾತಿನ ಕೆಳಗೆ ಬರೆದು, ಎಲ್ಲವನ್ನೂ ಇಂಗ್ಲಿಷಿಗೆ ಅನುವಾದಿಸಿ ಹೆಂಡತಿಗೆ ಕಳಿಸಿದೆ.

ಸಾಲು ಉಳಿಯಿತು. 'ಸಾಧ್ಯವಾದಲ್ಲಿ' ಎಂಬ ಪದವನ್ನು ಮುಂದೆ ಅಂಟಿಸಿದರಂತೆ. ಅದಕ್ಕಾಗಿ ಇನ್ನೂ ಜಗಳವಾಡುತ್ತಿದ್ದಾಳೆ. ವಾಪಸು ಬಂದ ಮೇಲೆ ಕಾಲೇಜಿನಲ್ಲಿ ಶಾಲು ಹೊದಿಸಿದರು. ನಾನು ಎರಡನೆಯ ಸಾಲಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿದ್ದವರು "ನಿಮಗೆ ಎಷ್ಟು ಹೆಮ್ಮೆ ಇರಬೇಕು" ಎಂದಾಗ ಹೌದೆಂದೆ. ಅದು ಸುಳ್ಳಾಗಿರಲಿಲ್ಲ, ಪೂರ್ತಿ ನಿಜವೂ ಆಗಿರಲಿಲ್ಲ.

ಹಂಚಿಕೆಯ ಏರ್ಪಾಡು ಪ್ರಾಯೋಗಿಕವಾಗಿ ಶುರುವಾಗಿದೆ. ಕಳೆದ ವಾರ ಬೇರೆ ದೇಶದ ರೇಡಾರ್ ಚಿತ್ರ, ಉಪಗ್ರಹ ಹಾದುಹೋದ ಮರುದಿನವೇ ನಮ್ಮ ಕಚೇರಿಗೆ ಬಂತು. ಬೆಳಿಗ್ಗೆ ತೆರೆದವನು ನಾನು. ಮೋಡದ ಕೆಳಗಿನ ಹರದನಹಳ್ಳಿ, ಸಂತೆಮರಹಳ್ಳಿ, ದೂರದ ಗುಂಡ್ಲುಪೇಟೆ ಎಲ್ಲವೂ ಸ್ಕ್ರೀನಿನ ಮೇಲೆ ಹರಡಿಕೊಂಡವು. ಅವಳಿಗೆ ಕೂಡಲೇ ಕಳಿಸಬೇಕೆಂದು ಮಾತಾಗಿತ್ತು. ಕಳಿಸಲಿಲ್ಲ. ಟೀ ತರಿಸಿಕೊಂಡು ಒಬ್ಬನೇ ನೋಡುತ್ತ ಕುಳಿತೆ. ಮಧ್ಯಾಹ್ನದ ಊಟ ಮುಗಿಸಿ ಬಂದು ಕಳಿಸಿದೆ.

ತಕ್ಷಣ ಫೋನು ಮಾಡಿದಳು. "ಬಂತಾ! ಎಷ್ಟು ಹೊತ್ತಾಯ್ತು ಬಂದು?"

"ಈಗ ತಾನೇ" ಎಂದೆ.