ಗೋಮಾಳ ಕಾದ ಚಿಕ್ಕತಾಯವ್ವ

ಹೊಸಬರು ಯಾರೇ ಬರಲಿ, ಚಿಕ್ಕತಾಯವ್ವ ಮೊದಲು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ಕಾಲನ್ನು. ನನ್ನ ಬೂಟು ನೋಡಿ, "ಮುಳ್ಳಲ್ಲಿ ತಿರುಗ್ದ ಕಾಲಲ್ಲ ಇದು" ಅಂದವಳು, ಆಮೇಲೆ ನನಗೆ ಸಂಬಳ ಯಾರು ಕೊಡುತ್ತಾರೆಂದು ವಿಚಾರಿಸಿದಳು.

ಉಮ್ಮತ್ತೂರಿನವನಾದ ನಾನು ಆಗ ಭೀಮನಬೀಡಿನಲ್ಲಿ ಒಂದು ಸಂಸ್ಥೆಯ ಕೆಲಸಕ್ಕಿದ್ದೆ. ಲಂಟಾನ ಹಬ್ಬಿ ಹಾಳಾದ ಗೋಮಾಳವನ್ನು ಊರವರ ಜೊತೆ ಸೇರಿ ಮತ್ತೆ ಬದುಕಿಸುವ ಯೋಜನೆ. ಮಣ್ಣು ಬಲ್ಲವರೊಬ್ಬರು, ಗಿಡಮರ ಬಲ್ಲವರೊಬ್ಬರು, ಜನರನ್ನು ಮಾತಾಡಿಸಿ ಬರೆದುಕೊಳ್ಳುವ ಮೇಡಂ ಒಬ್ಬರು. ಇವರಿಗೂ ಊರಿಗೂ ನಡುವೆ ನಾನು. ಚಿಕ್ಕತಾಯವ್ವ ಕೂಲಿ ಮಾಡಿಕೊಂಡು ನಾಲ್ಕು ಮೇಕೆ ಸಾಕಿದ್ದ ಒಂಟಿ ಹೆಂಗಸು. ಗಿಡ ನೆಟ್ಟರೆ ಬೇಲಿ ಬರುತ್ತದೆ, ಬೇಲಿ ಬಂದರೆ ಮೇಕೆ ಹೊರಗೆ ಎಂಬುದು ಆಕೆಯ ಗುಮಾನಿ.

ಮೊದಲ ಸಭೆಯಲ್ಲಿ ಟೀ ಕೊಟ್ಟು, ಹಾಜರಿಗೆಂದು ಒಂದು ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿದೆವು. ಎಲ್ಲರೂ ಸಹಿ ಹಾಕುತ್ತಾ ಬಂದರು. ಹಾಳೆ ತನ್ನ ಕೈಗೆ ಬಂದಾಗ ಆಕೆ ಅದನ್ನು ನನಗೇ ಕೊಟ್ಟು, ಮೇಲಿಂದ ಓದು ಅಂದಳು. ಓದಿದೆ. ಗೋಮಾಳಕ್ಕೆ ಬೇಲಿ ಹಾಕಲು ನಮ್ಮೆಲ್ಲರ ಒಪ್ಪಿಗೆಯಿದೆ ಎಂದು ಸಣ್ಣಕ್ಷರದಲ್ಲಿತ್ತು. ಆಫೀಸಿನವರು ಕೊಟ್ಟದ್ದನ್ನು ಹಾಗೇ ತಂದಿದ್ದ ನಾನೂ ಅದನ್ನು ಓದಿದ್ದು ಆಗಲೇ.

"ನಿಂಗೂ ಗೊತ್ತಿರ್ನಿಲ್ವಾ?" ಅಂದಳು. ಇಲ್ಲ ಅಂದೆ.

"ಅಂಗಾರೆ ನಿನ್ನ ನಂಬ್ಕಂಡು ನಾನೇನ್ ಮಾಡನ, ಮೊಗ?"

ಮೇಡಂ ಎದ್ದು ಬಂದು ಎಲ್ಲರೆದುರು ಹಾಳೆ ಹರಿದರು. ಆ ಸಾಲು ಬರೆದವರು ಯಾರೆಂದು ನಮ್ಮಲ್ಲಿ ಯಾರೂ ಬಾಯಿಬಿಡಲಿಲ್ಲ. ಚಿಕ್ಕತಾಯವ್ವ ತುಂಡುಗಳನ್ನೆಲ್ಲ ಆಯ್ದು, ಒಲೆಗೆ ಹಾಕಲೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಮಳೆಗೆ ಮುಂಚೆ ಊರವರೆಲ್ಲ ಸೇರಿ ಲಂಟಾನವನ್ನು ಬೇರುಸಮೇತ ಕಿತ್ತರು. ಗುಂಡಿ ತೋಡುವ ದಿನ ಆಕೆ ಉತ್ತರದ ದಿಣ್ಣೆಯ ಮೇಲೆ ಕೂತುಬಿಟ್ಟಳು. ಇಲ್ಲಿ ಮರ ನಿಲ್ಲಲ್ಲ, ಇದು ಹುಲ್ಲಿನ ಜಾಗ ಎಂದು ಹಟ ಹಿಡಿದಳು. ಮೇಕೆಗೋಸ್ಕರ ಹೂಡಿದ ಆಟ ಇದು ಎಂದು ಗುಮಾನಿಪಡುವ ಸರದಿ ಈಗ ನನ್ನದಾಯಿತು. ಮಣ್ಣು ಬಲ್ಲವರು ಹಾರೆ ತರಿಸಿ ಅಗೆಸಿದರು. ಗೇಣು ಆಳಕ್ಕೇ ಬಂಡೆ ಸಿಕ್ಕಿತು.

ನಕ್ಷೆ ಬದಲಾಯಿತು. ತಗ್ಗಿಗೆ ಮರ, ದಿಣ್ಣೆಗೆ ಹುಲ್ಲು. ಬೇಲಿಯ ಬದಲು ಸರದಿಯಂತೆ ಮೇಯಿಸುವುದು. ಹಳೆಯ ಹುಲ್ಲಿನ ಬೀಜ ಎಲ್ಲಿ ಸಿಗುತ್ತದೆಂದು ಗೊತ್ತಿದ್ದದ್ದು ಆಕೆಯೊಬ್ಬಳಿಗೇ. ಮಡಿಲು ತುಂಬ ತಂದು ಚೆಲ್ಲಿದಳು. ಆದರೂ ನಾವು ಟೇಪು ಹಿಡಿದು ಅಳೆಯಲು ಹೋದಾಗಲೆಲ್ಲ ಹಿಂದೆಯೇ ಬರುವುದನ್ನು ಬಿಡಲಿಲ್ಲ.

ಕೆಲಸ ಮುಗಿದು ಹೊರಟ ದಿನ ಮಜ್ಜಿಗೆ ಕೊಟ್ಟು, ಮುಂದೆ ಯಾವೂರು ಎಂದು ಕೇಳಿದಳು. ಹರದನಹಳ್ಳಿ ಅಂದೆ.

"ಅಲ್ಲೋಗಿ, ಬೀಮನಬೀಡ್ನೋರು ಒಪ್ಕಂಬುಟ್ರು ಅಂತ ಮಾತ್ರ ಯೋಳ್ಬ್ಯಾಡ ಕಣಪ್ಪ. ಅವ್ರೇ ಬಂದು ನೋಡ್ಲಿ. ನನ್ನ ಕೇಳ್ಲಿ."

ಮರುವರ್ಷ ಹರದನಹಳ್ಳಿಯ ಹೆಂಗಸರನ್ನು ಬಸ್ಸಿನಲ್ಲಿ ಕರೆತಂದೆ. ಚಿಕ್ಕತಾಯವ್ವ ತೀರಿಕೊಂಡು ಆಗಲೇ ಮೂರು ತಿಂಗಳಾಗಿತ್ತು. ದಿಣ್ಣೆಯ ಮೇಲೆ ಹುಲ್ಲು ಮೊಣಕಾಲುದ್ದ ಬೆಳೆದು ನಿಂತಿತ್ತು. ನಾನು ವಿವರಿಸಲು ಶುರುಮಾಡಿದೆ. ಬಂದವರಲ್ಲಿ ವಯಸ್ಸಾದ ಒಬ್ಬಾಕೆ ಕೈ ಅಡ್ಡ ಮಾಡಿ ನನ್ನ ಮಾತು ತಡೆದಳು.

"ನೀ ಸ್ವಲ್ಪ ಸುಮ್ಕಿರು ಸ್ವಾಮಿ. ಈ ಊರೋರು ಯಾರಾರ ಇದ್ರೆ ಕರಿ."

ಬಾಯಿಗೆ ಬಂದದ್ದು ಒಂದೇ ಹೆಸರು. ಅದನ್ನು ನುಂಗಿಕೊಂಡು, ಬೇರೆ ಯಾರನ್ನಾದರೂ ಕರೆತರಲು ಊರೊಳಕ್ಕೆ ನಡೆದೆ.