ಇಪ್ಪತ್ತನೆಯ ಹೆಸರು

ನಳದ ನೀರು ತುಂಬಿದ್ದು, ಅಕ್ಕಿ ಆರಿಸಿದ್ದು, ಮಕ್ಕಳಿಗೆ ಜಡೆ ಹಾಕಿ ಸಾಲೆಗೆ ಕಳಿಸಿದ್ದು, ಹಪ್ಪಳ ಬಿಸಿಲಿಗಿಟ್ಟಿದ್ದು, ಹರಿದ ದಿಂಬಿಗೆ ಹೊಲಿಗೆ ಹಾಕಿದ್ದು, ಎರಡು ಸಲ ಚಹಾ ಮಾಡಿದ್ದು. ಆ ದಿನ ನಾನು ಮಾಡಿದ ಕೆಲಸ ಇಷ್ಟೇ. ಇದರಲ್ಲಿ ಎರಡನೆಯ ಸಲದ ಚಹಾ ಮಾತ್ರ ನಮ್ಮ ಮನೆಯಲ್ಲಿ ಬಹಳ ದಿನ ಮಾತಾಗಿ ಉಳಿಯಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿಯ ವಡಗಾವಿಯಲ್ಲಿ ನಮ್ಮ ಮನೆಯ ಹಿಂದೆಯೇ ಯಜಮಾನರ ಮಗ್ಗದ ಶೆಡ್ಡು. ಗೋಡೆಯ ಆಚೆ ಮಗ್ಗ ಬಡಿದರೆ ಈಚೆ ಅಡಿಗೆಮನೆಯ ಭಾಂಡೆ ನಡುಗುತ್ತಿದ್ದವು. ವೃತ್ತಿ ತೆರಿಗೆ ಬಂದಾಗ ಓಣಿಯವರು ಗೊಣಗಿ ಸುಮ್ಮನಾಗಿದ್ದರು. ಈಗ ಪ್ರಾವಿಡೆಂಟ್ ಫಂಡಿನ ಪಾಳಿ. ಇಪ್ಪತ್ತು ಜನ ಕೆಲಸಕ್ಕಿದ್ದರೆ ಎಲ್ಲರ ಪಗಾರದಲ್ಲಿ ಒಂದಿಷ್ಟು ಹಿಡಿದು, ಅಷ್ಟನ್ನೇ ಮಾಲೀಕ ತನ್ನ ಕೈಯಿಂದ ಸೇರಿಸಿ ಕಟ್ಟಬೇಕು. ಹೊಸ ಕಾರಖಾನೆಗೆಂದು ಕೆಲವು ವರ್ಷ ಸಿಕ್ಕಿದ್ದ ರಿಯಾಯಿತಿ ನಮಗೆ ಆಗಷ್ಟೇ ಮುಗಿದಿತ್ತು. ನಮ್ಮ ಹಾಜರಿಯಲ್ಲಿದ್ದದ್ದು ಹತ್ತೊಂಬತ್ತು ಹೆಸರು.

ಇಪ್ಪತ್ತನೆಯವಳು ಖಾಲಾ. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವ ವಿಧವೆ. ನನ್ನ ತವರೂರಾದ ಖಾನಾಪುರದವಳೇ. ಓಣಿಗೆಲ್ಲ ಆಕೆ ಖಾಲಾ, ಅಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ. ಆಕೆಯ ಪಗಾರ ನನ್ನ ಕೈಯಿಂದ ಹೋಗುತ್ತಿತ್ತು, ಎಲ್ಲಿಯೂ ಬರೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆಕೆ ನನ್ನ ಹತ್ತಿರ ಕೂತು ಮೆಲ್ಲಗೆ ಹೇಳಿದಳು. “ವೈನಿ, ನಮ್ಮ ಭಾಯಿ ಹಂಚಿನ ಕಾರಖಾನಿ ಬಿಟ್ಟಾಗ ಫಂಡಿನ ರೊಕ್ಕಾ ಬಂತು. ನನಗ ಈಗ ಎಳಿ ಕಾಣವಲ್ದು. ಇಲ್ಲಿಂದ ಎದ್ದು ಹೋಗೂ ದಿನಾ ನನ್ನ ಕೈಯಾಗ ಏನಿರತೈತಿ? ನನ್ನ ಹೆಸರೂ ಬರಸಾಕ ಹೇಳ್ರಿ.”

ಯಜಮಾನರಿಗೆ ಹೇಳಿದೆ. “ಆಕಿನ್ನ ಬರದ್ರ ಇಪ್ಪತ್ತಾತು. ಇಪ್ಪತ್ತಾದ್ರ ಎಲ್ಲಾರದೂ ಕಟ್ಟಬೇಕು. ಶೆಡ್ಡಿಗೆ ಕೀಲಿ ಹಾಕಿ ನಿಮ್ಮ ತವರಮನಿಗೆ ಹೋಗೂಣೇನು?” ಎಂದರು.

ಅಂದಿನಿಂದ ಅವರಿಗೆ ಎಲ್ಲರ ಮೇಲೂ ಸಂಶಯ. ಚೀಲ ಹಿಡಿದು ಓಣಿಗೆ ಬಂದವರೆಲ್ಲ ಇನ್ಸ್‌ಪೆಕ್ಟರರೇ. ಕರೆಂಟಿನ ಮೀಟರ್ ನೋಡಲು ಬಂದವನನ್ನು ಕೂರಿಸಿ ನನ್ನಿಂದ ಶಿರಾ ಮಾಡಿಸಿದರು. ಆತ ತಿಂದು, ಮೀಟರ್ ಬರೆದುಕೊಂಡು, ಗೊಂದಲದಲ್ಲೇ ಹೋದ. ಮಗ್ಗದವರಿಗೆ ಯಜಮಾನರ ಮೇಲೆ ಸಂಶಯ: ನಾಳೆ ಪಗಾರದಲ್ಲಿ ಹಿಡಿದ ರೊಕ್ಕ ಸರ್ಕಾರಕ್ಕೆ ಮುಟ್ಟುತ್ತದೆಂದು ನಂಬುವುದು ಹೇಗೆ? ಖಾಲಾಳೊಂದಿಗೆ ಯಜಮಾನರು ಇದ್ದಕ್ಕಿದ್ದಂತೆ ಬಹುವಚನದಲ್ಲಿ ಮಾತಾಡತೊಡಗಿದಾಗ ನನಗೂ ಸಂಶಯ ಬಂತು. ಆಕೆಯನ್ನು ಬಿಡಿಸಲಿಕ್ಕೇ ಈ ಮರ್ಯಾದೆ ಅನಿಸಿತು.

ಫಂಡಿನ ಸಾಹೇಬ ಕಡೆಗೂ ಬಂದೇ ಬಂದ. ಆತ ಓಣಿಯ ತಿರುವಿನಲ್ಲಿರುವಾಗಲೇ ಬಾಜೂ ಮನೆಯವರು ಹಿತ್ತಲಿಂದ ಸುದ್ದಿ ಮುಟ್ಟಿಸಿದರು. ಯಜಮಾನರು ಖಾಲಾಳನ್ನು ರಾಟೆಯ ಮುಂದಿನಿಂದ ಎಬ್ಬಿಸಿ ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿದರು. ಕೇಳಿದರೆ ಭೇಟಿಗೆ ಬಂದ ಗುರುತಿನವರು ಎನ್ನಬೇಕೆಂದು ನನಗೆ ತಾಕೀತು ಮಾಡಿದರು. ಎಂದೂ ಆ ಕುರ್ಚಿಯಲ್ಲಿ ಕೂರದ ಖಾಲಾ ಅದರ ತುದಿಗೆ ಆತುಕೊಂಡು, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕೂತಳು.

ಸಾಹೇಬ ಸಣಕಲು ಮನುಷ್ಯ, ಮೆತ್ತಗಿನ ಮಾತು. ಶೆಡ್ಡಿನಲ್ಲಿ ತಲೆ ಎಣಿಸಿದ, ಯಾರೂ ಕೂತಿರದ ರಾಟೆಯತ್ತ ಒಮ್ಮೆ ನೋಡಿದ, ಹಾಜರಿ ನೋಡಿದ, ಲೆಕ್ಕ ಎಲ್ಲ ಸರಿಯಿತ್ತು. ಪಡಸಾಲೆಗೆ ಬಂದು ಕೂತವನು ಇವರು ಯಾರೆಂದು ಕೇಳಿದ. ನಮ್ಮ ತವರೂರಿನವರು ಎಂದೆ. ಸುಳ್ಳೇನಲ್ಲವಲ್ಲ ಎಂದು ಒಳಗೊಳಗೇ ಸಮಾಧಾನ ಪಟ್ಟು ಚಹಾಕ್ಕಿಟ್ಟೆ.

ಬಂದವರಿಗೆ ನಮ್ಮಲ್ಲಿ ಕಪ್ಪು-ಬಸಿ. ಮಗ್ಗದವರ ಗ್ಲಾಸುಗಳು ಬೇರೆ, ಗೋಡೆಯ ಗೂಡಿನಲ್ಲಿ ಇರುತ್ತಿದ್ದವು. ಆಗಿನ ರೂಢಿ ಹಾಗೆ. ಖಾಲಾ ತನ್ನ ಗ್ಲಾಸಿಗೆ ಕೆಂಪು ನೂಲು ಸುತ್ತಿ ಗುರುತು ಮಾಡಿಟ್ಟಿದ್ದಳು. ನಾನು ಸಾಹೇಬನಿಗೆ ಕಪ್ಪು-ಬಸಿ ಕೊಟ್ಟೆ, ಯಜಮಾನರಿಗೂ ಕೊಟ್ಟೆ, ಗೂಡಿನಿಂದ ಆ ಗ್ಲಾಸು ತೆಗೆದು ಖಾಲಾಳ ಕೈಗಿಟ್ಟೆ.

ಸಾಹೇಬ ತನ್ನ ಬಸಿ ನೋಡಿದ, ಆಕೆಯ ಗ್ಲಾಸಿನ ನೂಲು ನೋಡಿದ. “ತವರಿನವ್ರಿಗೆ ಗ್ಲಾಸು, ನನಗ ಕಪ್ಪು-ಬಸಿ. ನಾ ಭಾಳ ದೊಡ್ಡಾಂವ ಆದೆ ಬಿಡ್ರಿ” ಎಂದು ನಕ್ಕ. ನಮ್ಮವರು ನಗಲಿಲ್ಲ. ಆತ ಖಾಲಾಳ ಕಡೆ ತಿರುಗಿದ. “ಅಮ್ಮಾ, ಎಷ್ಟು ವರ್ಷ ಆತ್ರಿ ಇಲ್ಲಿ ಕಂಡಿಕಿ ಸುತ್ತಾಕ ಹತ್ತಿ?”

ಯಜಮಾನರು ಕೆಮ್ಮಿದರು. ಖಾಲಾ ಅವರನ್ನು ನೋಡದೆ ನನ್ನನ್ನು ನೋಡಿದಳು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಆಕೆ ಗ್ಲಾಸು ಕೆಳಗಿಟ್ಟಳು.

“ಇವರ ಸಣ್ಣಾಕಿ ತೊಟ್ಲಾಗ ಇದ್ದಾಗಿಂದ, ಸಾಬ್.”

ಆತ ಹೆಸರು ಕೇಳಿ ಬರೆದುಕೊಂಡ. ಆಕೆಯ ಪೂರ್ತಿ ಹೆಸರು ನಾನು ಕೇಳಿದ್ದೂ ಅಂದೇ ಮೊದಲು.

ಸಾಹೇಬ ಹೋದ ಮೇಲೆ ಮಗ್ಗದ ಹುಡುಗರು ಖಾಲಾಳ ಬೆನ್ನು ಹತ್ತಿದರು. ನಮ್ಮ ಬೀಡಿ ರೊಕ್ಕಾನೂ ಸರ್ಕಾರಕ್ಕ ಕೊಡಿಸಿದಿ ಎಂದು ಒಬ್ಬ ಚುಚ್ಚಿದ. ಬೀಡಿ ಬಿಟ್ಟರೆ ಮುದುಕನಾಗುವತನಕ ಬದುಕುತ್ತಿ, ಆಗ ಬೇಕಾಗುತ್ತದೆ ಎಂದಳು ಆಕೆ. ಆದರೆ ಸಂಜೆ ಹೊರಟಾಗ ಹೊಸ್ತಿಲಲ್ಲಿ ನಿಂತೇ ಇದ್ದಳು. ನಾಳೆ ಬರಬೇಕೋ ಬೇಡವೋ ಎಂದು ಬಾಯಿಬಿಟ್ಟು ಕೇಳಲಿಲ್ಲ.

ಒಳಗೆ ಯಜಮಾನರು ನನ್ನನ್ನು ಹಿಡಿದುಕೊಂಡಿದ್ದರು. “ಖರೇ ಹೇಳು. ಆ ಗ್ಲಾಸು ಮರತು ಕೊಟ್ಟಿಯೋ, ಬೇಕಂತ ಕೊಟ್ಟಿಯೋ?”

“ದಿನಾ ಕೊಡೂದ್ರಾಗ ಕೊಟ್ಟೇನ್ರಿ.”

ಅವರು ನಂಬಲಿಲ್ಲ. ಖಾಲಾಳೂ ನಂಬಲಿಲ್ಲ, ತನ್ನ ಸಲುವಾಗಿಯೇ ಕೊಟ್ಟೆನೆಂದು ಆಕೆ ಕೊನೆಯವರೆಗೂ ತಿಳಿದಿದ್ದಳು. ಈಗ ಆಕೆಯನ್ನು ಬಿಡಿಸಿದರೆ ಸಾಹೇಬ ಮತ್ತೆ ಬಂದಾನು ಎಂಬ ಸಂಶಯ ಯಜಮಾನರನ್ನು ಹಿಡಿದಿತ್ತು.

“ನಾಳೆ ಲಗೂ ಬರಾಕ ಹೇಳು ಆಕಿಗೆ” ಎಂದರು.

ಹೊರಗೆ ಹೋಗಿ ಹೇಳಿದೆ. ಖಾಲಾ ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದಳು.

ರಾತ್ರಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಜ್ಜಿಗೆ. ಪಲ್ಯಕ್ಕೆ ಉಪ್ಪು ಜಾಸ್ತಿ ಬಿದ್ದಿದೆ ಎಂದು ಅವರಿಗೊಬ್ಬರಿಗೇ ಅನಿಸಿತು. ಮಕ್ಕಳು ಎರಡು ಸಲ ಹಾಕಿಸಿಕೊಂಡರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನು.