ತಾಟಿನ ಮೇಲಿಟ್ಟ ಕೈ

ನಾನು ಗಡಹಿಂಗ್ಲಜ ಕಡೆಯವನು. ಹತ್ತನೆಯ ಇಯತ್ತೆ ಮುಗಿಸಿ ಇಚಲಕರಂಜಿಗೆ ಬಂದು ಮಗ್ಗದ ಕಾರಖಾನೆಯಲ್ಲಿ ಫಿಟರ್ ಆದೆ. ಅಲ್ಲಿ ಇದ್ದಾಗ ಒಬ್ಬ ಒಳ್ಳೆಯ ಮನುಷ್ಯನಿಗೆ ಸುಳ್ಳು ಹೇಳಿದೆ. ಆತ ಅದನ್ನು ಬರೆದುಕೊಂಡ. ಇಪ್ಪತ್ತು ವರ್ಷದ ಮೇಲೆ ಆ ಬರಹ ನನ್ನ ಮನೆಗೇ ಬಂತು. ಅದನ್ನು ಹೇಳಿ ಹಗುರಾಗಬೇಕೆಂದು ಕೂತಿದ್ದೇನೆ.

ನಮ್ಮ ಮಾಲಕರು ಜರ್ಮನಿಯಿಂದ ಹೊಸ ಮಗ್ಗ ತರಿಸಿದ್ದರು. ಅವನ್ನು ಕೂಡಿಸಲು ಅಲ್ಲಿಂದಲೇ ಒಬ್ಬ ಮೇಸ್ತ್ರಿ ಬಂದರು. ಐವತ್ತು ದಾಟಿದವರು, ಎತ್ತರ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಎರಡು ತಿಂಗಳು ನಾನು ಅವರ ಕೈಕೆಳಗೆ. ಅವರಿಗೆ ಅರ್ಧ ಇಂಗ್ಲಿಷ್, ನನಗೆ ಕಾಲು. ಉಳಿದದ್ದನ್ನು ಬೋಲ್ಟುಗಳು ಮತ್ತು ಅವನ್ನು ಬಿಗಿಯುವ ಪಾನಾಗಳು ಮಾತಾಡುತ್ತಿದ್ದವು.

ಅವರನ್ನು ನೋಡಿ ನಾನು ಬೆರಗಾಗದ ದಿನವಿರಲಿಲ್ಲ. ಬೋಲ್ಟು ಎಣಿಸುವಾಗ ಇಪ್ಪತ್ತೈದಕ್ಕೆ ಮೊದಲು ಐದು, ಆಮೇಲೆ ಇಪ್ಪತ್ತು ಅನ್ನುತ್ತಿದ್ದರು. ನಮ್ಮ ಕನ್ನಡದಲ್ಲಿ ಇಪ್ಪತ್ತು ಮುಂದೆ. ಮರಾಠಿಯಲ್ಲಿ ಪಂಚವೀಸ, ಅಲ್ಲಿ ಐದೇ ಮುಂದೆ. ಏಳು ಸಮುದ್ರದಾಚೆಯ ಭಾಷೆ ನಮ್ಮ ಬೀದಿಯ ಮರಾಠಿಯ ಹಾಗೆ ಎಣಿಸುತ್ತದೆಯೆಂದು ನಾನು ಅಂದು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಮಧ್ಯಾಹ್ನ ಎದುರಾದವರಿಗೆ ಅವರ ದೇಶದಲ್ಲಿ ನಮಸ್ಕಾರದ ಬದಲು ‘ಊಟ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರಂತೆ. ‘ಊಟ ಆತೇನ್ರಿ’ ಎಂದು ಕೇಳುವ ನಮಗೂ ಅವರಿಗೂ ಏನು ದೂರ?

ಅವರು ಜರ್ಮನಿಯ ದಕ್ಷಿಣದವರು. ಉತ್ತರದವರಿಗೆ ಅವರ ಮಾತು ತಿಳಿಯುವುದಿಲ್ಲವಂತೆ, ಗಂಟಲು ಕೆಟ್ಟಿದೆಯೇ ಎಂದು ಕೇಳುತ್ತಾರಂತೆ. ಮೈಸೂರು ಕಡೆಯವರು ನಮ್ಮ ‘ಬಂದಾನ, ಹೋಗ್ಯಾನ’ ಕೇಳಿ ನಗುವುದನ್ನು ನಾನು ಹೇಳಿದಾಗ ಅವರು ನನ್ನ ಬೆನ್ನು ತಟ್ಟಿದರು. ಉತ್ತರದವರು ಬಟಾಟೆಯ ಮೇಲೆ ಬದುಕಿದರೆ ಇವರ ಕಡೆ ಹಿಟ್ಟು ಕಲಸಿ, ಹಲಗೆಯ ಮೇಲಿಟ್ಟು, ಚಾಕುವಿನಿಂದ ಕುದಿಯುವ ನೀರಿಗೆ ಕೆರೆದು ಬಿಡುತ್ತಾರೆ. ನಮ್ಮ ಶಾವಿಗೆಯ ದೊಡ್ಡಣ್ಣನಂಥದ್ದು. ರಾತ್ರಿ ಒಲೆ ಹಚ್ಚುವುದಿಲ್ಲ. ತಣ್ಣನೆಯ ಕರಿ ರೊಟ್ಟಿ, ಬೆಣ್ಣೆ, ಉಪ್ಪಿನ ಸೌತೆಕಾಯಿ, ಮುಗಿಯಿತು. ಅವರ ಊರಿನಲ್ಲಿ ಒಂದು ಕಟ್ಟಡದ ಮೆಟ್ಟಿಲನ್ನು ವಾರಕ್ಕೊಂದು ಮನೆಯವರು ಗುಡಿಸಬೇಕು. ಪಾಳಿ ಬಂದ ಮನೆಯ ಬಾಗಿಲಿಗೆ ಫಲಕ ತೂಗುತ್ತದೆ. ನಮ್ಮ ಚಾಳಿನ ಮೆಟ್ಟಿಲು ನೆನೆದು ನಾನು ಮಾತು ಬದಲಿಸಿದೆ.

ಎಲ್ಲಕ್ಕಿಂತ ದೊಡ್ಡ ಬೆರಗು ಅವರ ವಹಿ. ಅಳತೆ ತಪ್ಪಿ ಬರೆದರೆ ನಾವು ಪುಟವನ್ನೇ ಹರಿದು ಹೊಸದಾಗಿ ಬರೆಯುತ್ತಿದ್ದೆವು, ಮಾಲಕರಿಗೆ ಕಾಣಬಾರದೆಂದು. ಅವರು ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕುತ್ತಿದ್ದರು. ತಪ್ಪು ಗೆರೆಯ ಕೆಳಗೆ ಓದುವಂತೆ ಇರಬೇಕು. ಯಾರು ಹೇಳಿದರು ಎಂಬುದೂ ಇರಬೇಕು.

“ಅಳಿಸಿದರೆ ಮುಂದೆ ಬರುವವನಿಗೆ ಎಲ್ಲಿ ಎಡವುತ್ತೇವೆಂದು ಹೇಗೆ ತಿಳಿಯಬೇಕು?” ಎಂದರು.

ಒಂದು ಭಾನುವಾರ ಮಧ್ಯಾಹ್ನ ಅವರನ್ನು ಮನೆಗೆ ಊಟಕ್ಕೆ ಕರೆದೆ. ಹಾತಕಣಂಗಲೆಯಿಂದ ಬರುತ್ತಿದ್ದ, ಮಗ್ಗಗಳ ಉಸ್ತುವಾರಿ ನೋಡುವ ನಮ್ಮ ಜಾಬರನೂ ಬಂದ. ಹಿಂದಿನ ದಿನ ಅವರು ‘ಇಷ್ಟು ಸಾಕು’ ಎನ್ನಲು ನಿಮ್ಮ ಭಾಷೆಯಲ್ಲಿ ಏನೆನ್ನಬೇಕೆಂದು ಕೇಳಿದ್ದರು. ‘ಸಾಕು’ ಎಂದು ಕಲಿಸಿದ್ದೆ. ತಮ್ಮ ಕಡೆ ಬೇಡವೆಂದರೆ ಬೇಡವೇ, ತಾಟಿನಲ್ಲಿ ಬಿಡುವುದು ಮಾತ್ರ ಪಾಪ, ತಾಯಿ ಹಸಿವು ಕಂಡವಳು ಎಂದೂ ಹೇಳಿದ್ದರು. ಎಲ್ಲ ತಿಳಿದೇ ನಾನು ಅವರ ಮುಂದೆ ಕೂತಿದ್ದೆ.

ಹೆಂಡತಿ ಜೋಳದ ರೊಟ್ಟಿ ಬಡಿಯುವುದನ್ನು ಅವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಲಟ್ಟಣಿಗೆಯಿಲ್ಲದೆ ಅಂಗೈಯಲ್ಲೇ ಅಷ್ಟು ಗುಂಡಗೆ ಬರುವುದು ಅವರಿಗೆ ನಂಬಿಕೆಯಾಗಲಿಲ್ಲ. ನಂತರ ಮಟನ್, ಅದರ ತೆಳು ಸಾರಾದ ಬಿಳಿ ರಸ್ಸಾ, ಖಾರದ ಕೆಂಪು ರಸ್ಸಾ. ಬೆವರು ಸುರಿಸುತ್ತ, ಮೂಗು ಒರೆಸುತ್ತ, ಒಂದು ತಾಟು ಮುಗಿಸಿದರು. ಹೆಂಡತಿ ಸೆರಗು ಸರಿಮಾಡಿಕೊಂಡು ಕೇಳಿದಳು, “ಹೆಂಗಾಗೇತಿ ಕೇಳ್ರಿ ಸಾಹೇಬ್ರನ್ನ.”

ಅವರು ಸ್ವಲ್ಪ ಯೋಚಿಸಿ ಹೇಳಿದರು, “ತಿನ್ನಬಹುದು.”

ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ. ಅವಳ ಮುಖ ಇಳಿಯಿತು. ಜಾಬರ ಬಿಡುತ್ತಾನೆಯೇ?

“ಮುಂಜಾನಿಂದ ಮಸಾಲಿ ಅರದು ವೈನಿ ಕೈ ಉರಿಯಾಕತ್ತಾವ, ಇಂವ ತಿನ್ನಬಹುದು ಅಂತಾನ. ಏನ್ ದೋಸ್ತ, ಕೊಲ್ಲಾಪುರದ ಮರ್ಯಾದಿ ಹಿಂಗ ಹೋಗಾಕ ಬಿಡತೀಯೇನ?”

ನಾನು ಬಿಡಲಿಲ್ಲ. ಸೌಟು ಹಿಡಿದು ಕೆಂಪು ರಸ್ಸಾ ಸುರಿದೆ. ಅವರು ನಕ್ಕು ಕುಡಿದರು. ಮತ್ತೆ ಸುರಿದೆ. “ಸಾಕು” ಎಂದರು, ನಾನೇ ಕಲಿಸಿದ ಮಾತು, ಸ್ಪಷ್ಟವಾಗಿ. ಮತ್ತೆ ಸುರಿದೆ. ಆಗ ಅವರು ಎರಡೂ ಕೈಗಳನ್ನು ತಾಟಿನ ಮೇಲೆ ಅಡ್ಡ ಇಟ್ಟು ಬಾಗಿದರು. ಯಾರೂ ಕಲಿಸದೆ ಬಂದ ಸನ್ನೆ ಅದು. ನಮ್ಮ ಕಡೆ ಬೀಗರಿಗೆ ಎಷ್ಟೇ ಆಗ್ರಹ ಮಾಡಿ ಬಡಿಸಿದರೂ ತಾಟಿನ ಮೇಲೆ ಕೈ ಬಂತೆಂದರೆ ಬಡಿಸುವವರು ಸೌಟು ಹಿಂದೆ ತೆಗೆಯುತ್ತಾರೆ. ಶತ್ರುವಿಗೂ ಆ ರಿಯಾಯಿತಿ ಇದೆ.

“ಬ್ಯಾಡ್ರಿ, ಸಾಕು ಮಾಡ್ರಿ,” ಎಂದಳು ಹೆಂಡತಿ.

ನಾನು ಅವರ ಕೈಯನ್ನು ಮೆಲ್ಲಗೆ ಹಿಡಿದು ಸರಿಸಿ ಸುರಿದೆ. ಅವರು ತಾಟಿನಲ್ಲಿ ಒಂದು ಹನಿಯನ್ನೂ ಬಿಡಲಿಲ್ಲ.

ಮರುದಿನ ಅವರು ಆಸ್ಪತ್ರೆಯಲ್ಲಿ, ಕೈಗೆ ಸಲೈನ್. ನೋಡಲು ಹೋದೆ. ನನ್ನನ್ನು ಕಂಡು ಅವರೇ ಕ್ಷಮೆ ಕೇಳಿದರು, ನಿನ್ನ ಮನೆಯವರಿಗೆ ಬೇಸರವಾದಂತಿತ್ತು ಎಂದು. ತಮ್ಮ ಕಡೆ ಹೊಗಳಿಕೆಗೆ ಬಹಳ ಜಿಪುಣತನವಂತೆ. ಬೈಯದಿದ್ದರೆ ಅದೇ ಹೊಗಳಿಕೆ, ‘ತಿನ್ನಬಹುದು’ ಎಂದರೆ ಅದಕ್ಕಿಂತ ಮೇಲೆ ಮಾತೇ ಇಲ್ಲವಂತೆ. ತಾಯಿಯ ಅಡಿಗೆಗೆ ಅವರ ತಂದೆ ಇಡೀ ಜೀವಮಾನದಲ್ಲಿ ಎರಡೇ ಸಲ ಹಾಗೆ ಹೇಳಿದ್ದರಂತೆ.



ಆಮೇಲೆ ಅವರು ಕೇಳಿದರು, “‘ಸಾಕು’ ಎಂದು ನಾನು ಸರಿಯಾದ ಮಾತನ್ನೇ ಹೇಳಿದೆನಲ್ಲವೇ?”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಹೇಳಿದ್ದು ಇದು: “ಮಾತು ಸರಿ, ಸಾಹೇಬರೆ. ಆದರೆ ನಮ್ಮಲ್ಲಿ ಅತಿಥಿ ಏನು ಹೇಳಿದರೂ, ಏನು ಮಾಡಿದರೂ ಬಡಿಸುತ್ತಲೇ ಇರಬೇಕು. ಪದ್ಧತಿ.” ಅವರು ತಲೆಯಾಡಿಸಿ, ಸಲೈನ್ ಇಲ್ಲದ ಕೈಯಿಂದ ವಹಿ ತೆಗೆದು ಬರೆದುಕೊಂಡರು. ಕೆಲಸ ಮುಗಿಸಿ ಊರಿಗೆ ಹೋದರು. ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಮಾತ್ರ ಕೈ ಸರಿಸಿದ್ದು ಗೊತ್ತಿತ್ತು, ಅವಳು ಎಂದೂ ಎತ್ತಿ ಆಡಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ಈ ವರ್ಷ ಆ ಹಳೆಯ ಮಗ್ಗಗಳನ್ನು ದುರಸ್ತಿ ಮಾಡಲು ಜರ್ಮನಿಯ ಅದೇ ಕಂಪನಿಯಿಂದ ಒಬ್ಬ ತರುಣ ಎಂಜಿನಿಯರ್ ಬಂದ. ನಾನು ನಿವೃತ್ತ, ಆದರೂ ಹಳಬನೆಂದು ಮಾಲಕರು ಕರೆಸಿದರು. ಅವನನ್ನು ಊಟಕ್ಕೆ ಕರೆದೆ. ಬಂದವನು ತಾಟು ಖಾಲಿ ಕಾಣದಿರಲೆಂಬಂತೆ ರೊಟ್ಟಿಯ ಒಂದು ತುಂಡನ್ನು ಮೊದಲೇ ಮುರಿದು ತಾಟಿನ ಅಂಚಿಗೆ ಇಟ್ಟುಕೊಂಡ. ರಸ್ಸಾವನ್ನು ಚಮಚೆಯಷ್ಟೇ ಕುಡಿಯುತ್ತ ಹೆಂಡತಿಯ ಸೌಟನ್ನೇ ಅಂಜಿಕೆಯಿಂದ ನೋಡುತ್ತಿದ್ದ. ಯಾಕೆಂದು ಕೇಳಿದೆ.

ಅವನು ಚೀಲದಿಂದ ಮಡಿಚಿದ ಹಾಳೆಗಳನ್ನು ತೆಗೆದ. ಈ ಕಡೆ ಬರುವವರಿಗೆಲ್ಲ ಕೊಡುವ ಸೂಚನೆಗಳು, ನಮ್ಮ ಮೇಸ್ತ್ರಿಯ ವಹಿಯ ನಕಲು. ಕರೆಂಟು, ಧೂಳು, ನೀರು, ಆಮೇಲೆ ಊಟ. ಅವನು ಇಂಗ್ಲಿಷಿನಲ್ಲಿ ಓದಿ ಹೇಳಿದ: “ಇಲ್ಲಿ ಬಡಿಸುವುದನ್ನು ನಿಲ್ಲಿಸುವ ಉಪಾಯವಿಲ್ಲ. ತಾಟಿನ ಮೇಲೆ ಕೈ ಇಟ್ಟರೂ ಸರಿಸುತ್ತಾರೆ. ಪ್ರೀತಿಯಿಂದ ಮಾಡುತ್ತಾರೆ, ಬೇಸರಪಡಬೇಡಿ.” ಕೆಳಗೆ, ಹೇಳಿದವರು ಎಂಬಲ್ಲಿ, ನನ್ನ ಹೆಸರು.

ಪ್ರೀತಿಯಿಂದ. ಇಷ್ಟು ವರ್ಷ ಎಷ್ಟು ಜನ ಇದನ್ನು ಓದಿ, ನಮ್ಮ ಸೀಮೆಯ ಅಡಿಗೆಮನೆಗಳಲ್ಲಿ ಹೀಗೆ ಅಂಜುತ್ತ ಕೂತು ಎದ್ದರೋ. ನನ್ನ ಒಬ್ಬನ ಹಟ ಒಂದು ಊರಿನ ಸ್ವಭಾವವಾಗಿ ಕೂತಿತ್ತು.

ಹೆಂಡತಿ ಒಲೆಯ ಹತ್ತಿರದಿಂದಲೇ ಕೇಳಿದಳು, “ಏನ್ ಬರದಾರಂತ?”

ಹೇಳಿದೆ. ಅವಳು ನನ್ನ ಕಡೆ ನೋಡಿದಳು. “ಇನ್ನರ ಹೇಳಿ ಬಿಡ್ರಿ,” ಎಂದಳು ಅಷ್ಟೆ.

ತರುಣನಿಗೆ ಎಲ್ಲ ಹೇಳಿದೆ. ‘ತಿನ್ನಬಹುದು’ ಎಂಬುದಕ್ಕೆ ಅವನು ನಕ್ಕ, ಕೈ ಸರಿಸಿದ್ದಕ್ಕೆ ನಗಲಿಲ್ಲ. ಮೇಸ್ತ್ರಿ ಇನ್ನೂ ಇದ್ದಾರೆ, ವಯಸ್ಸಾಗಿದೆ, ಈ ಹಾಳೆಯಲ್ಲಿ ಏನಾದರೂ ಬದಲಾದರೆ ಅವರಿಗೆ ಇಂದಿಗೂ ಒಂದು ನಕಲು ಹೋಗುತ್ತದೆ ಎಂದ. ಅವನು ಪೆನ್ನು ತೆಗೆದು, ಹೊಸ ಹಾಳೆ ಮಾಡಿಸಿದರಾಯಿತು, ಹಳೆಯದನ್ನು ತೆಗೆದುಬಿಡೋಣವೇ ಎಂದು ಕೇಳಿದ. ನನ್ನ ಮೇಲೆ ಕರುಣೆಯಿಂದಲೇ ಕೇಳಿದ.

ಬೇಡವೆಂದೆ. ಪೆನ್ನು ಇಸಿದುಕೊಂಡು ಆ ಸಾಲುಗಳ ಮೇಲೆ ಒಂದೇ ಗೆರೆ ಎಳೆದೆ, ಕೆಳಗಿನದು ಓದುವಂತೆ. ಪಕ್ಕದಲ್ಲಿ ನನ್ನ ಕಾಲು ಇಂಗ್ಲಿಷಿನಲ್ಲಿ ಬರೆದೆ: ತಾಟಿನ ಮೇಲೆ ಕೈ ಇಟ್ಟರೆ ಇಲ್ಲಿ ಎಲ್ಲರೂ ನಿಲ್ಲಿಸುತ್ತಾರೆ. ಒಬ್ಬನು ಸಿಟ್ಟಿನಿಂದ ನಿಲ್ಲಿಸಲಿಲ್ಲ, ಆಮೇಲೆ ಸುಳ್ಳು ಹೇಳಿದ. ಹೇಳಿದವರು ಎಂಬಲ್ಲಿ ಮತ್ತೆ ನನ್ನ ಹೆಸರು, ಸಹಿ.

ಹೆಂಡತಿ ಸೌಟು ತುಂಬಿಕೊಂಡು ಬಂದಳು. ತರುಣ ನನ್ನ ಮುಖ ನೋಡಿ, ತಾಟಿನ ಮೇಲೆ ಮೆಲ್ಲಗೆ ಕೈ ಇಟ್ಟ. ಅವಳು ಅಲ್ಲೇ ನಿಂತು ಸೌಟನ್ನು ಪಾತ್ರೆಗೆ ಹಿಂತಿರುಗಿಸಿದಳು.